ಪುರಸಭೆಯ ಗಂಟಲು

ಅಳಿಯನನ್ನು ಬೈಯಲು ಕಾರಣ ಹುಡುಕಿಕೊಂಡು ಹೋಗುವ ಕಷ್ಟ ನರ್ಸಮ್ಮನಿಗೆ ಯಾವತ್ತೂ ಬಂದಿರಲಿಲ್ಲ. ಕಾರಣಗಳೇ ನಡೆದುಕೊಂಡು ಬಂದು ಅವಳ ಮನೆಯ ಬಾಗಿಲು ತಟ್ಟುತ್ತಿದ್ದವು. ಈ ಸಲ ಬಾಗಿಲು ತಟ್ಟಿದವನು ಪುರಸಭೆಯ ಜವಾನ. ಅವನು ತಂದ ನೋಟೀಸಿನ ಸಾರಾಂಶ ಇಷ್ಟು: ಪುರಸಭೆಯ ಪ್ರಚಾರ ವ್ಯಾನಿನಲ್ಲಿ ಮೈಕ್ ಹಿಡಿಯುವ ನೌಕರ ಅಧ್ಯಕ್ಷರನ್ನು ನಾಲ್ಕು ಜನರೆದುರು ಅಣಕಿಸಿ ಸಂಸ್ಥೆಯ ಮಾನ ಕಳೆದಿದ್ದಾನೆ, ವಿಚಾರಣೆಗೆ ಹಾಜರಾಗತಕ್ಕದ್ದು, ತಪ್ಪು ರುಜುವಾತಾದರೆ ಕೆಲಸದಿಂದ ವಜಾ. ಮಗಳು ಓದಿ ಹೊಲಿಗೆ ಯಂತ್ರದ ಮುಂದೆ ಕುಸಿದು ಕೂತಳು. ಅಳಿಯ ಓದಿ, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡು ಡ್ಯೂಟಿಗೆ ಹೊರಟ.

“ನೋಡು, ನೋಡು, ಹೋಗೋ ಗತ್ತು ನೋಡು!” ಎಂದು ನರ್ಸಮ್ಮ ಹಣೆ ಚಚ್ಚಿಕೊಂಡಳು. “ಪರ್ಮನೆಂಟ್ ಕೆಲಸ ಅಂತ ನಂಬಿ ಹೆಣ್ಣು ಕೊಟ್ಟೆ. ಕೋಡಂಗಿ ಅಂತ ಯಾರೂ ಹೇಳ್ಲಿಲ್ಲ ನೋಡು ನಂಗೆ.”

ಅವಳು ಪುರಸಭೆಯ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಳಾದವಳು. ಊರಿನ ಅರ್ಧ ಜನ ಈ ಲೋಕಕ್ಕೆ ಬಂದದ್ದು ಅವಳ ಕೈಯ ಮೇಲೆಯೇ. ಹಾಗಾಗಿ ಊರಿನಲ್ಲಿ ಅವಳಿಗೆ ದೊಡ್ಡವರು ಎಂದು ಯಾರೂ ಇರಲಿಲ್ಲ. ಕೆಲವರು ಸ್ವಲ್ಪ ಉದ್ದವಾಗಿದ್ದರು, ಅಷ್ಟೆ. ಗಂಡನಿಗಿದ್ದದ್ದು ಖಾಸಗಿ ಮಿಲ್ಲಿನ ಕೆಲಸ. ಒಂದು ಬೆಳಿಗ್ಗೆ ಮಿಲ್ಲಿನ ಗೇಟಿಗೆ ಬೀಗ ಬಿತ್ತು, ಆಮೇಲೆ ಆ ಮನುಷ್ಯ ಸಾಯುವವರೆಗೂ ನೆಟ್ಟಗೆ ತಲೆಯೆತ್ತಲಿಲ್ಲ. ಆದ್ದರಿಂದ ಪುರಸಭೆಯ ಕೆಲಸ ಎಂದರೆ ಅವಳಿಗೆ ಗೋಡೆ ಇದ್ದ ಹಾಗೆ. ಒರಗಿಕೊಳ್ಳಬಹುದು, ಬೀಳುವುದಿಲ್ಲ. ಆ ಗೋಡೆಗೆ ಈ ಅಳಿಯ ತಾನಾಗಿ ಗುದ್ದಲಿ ಹಾಕಿದ್ದ.

ಊರು ಅವನನ್ನು ಕರೆಯುತ್ತಿದ್ದದ್ದು ‘ಮೈಕು’ ಎಂದು. ಹಗಲೆಲ್ಲ ವ್ಯಾನಿನಲ್ಲಿ ಕೂತು ಬೀದಿ ಬೀದಿ ಸುತ್ತಿ, ನಾಳೆ ನೀರು ಬರುವುದಿಲ್ಲ, ಕಸ ಬೇರೆ ಮಾಡಿ ಕೊಡಿ, ನಾಡಿದ್ದು ಮಕ್ಕಳಿಗೆ ಲಸಿಕೆ ಹಾಕುತ್ತಾರೆ ಎಂದು ಸಾರುವುದು ಅವನ ಕೆಲಸ. ಸಂಜೆ ಕೆಲಸ ಮುಗಿದರೆ ಸರಿ, ಅವನ ಗಂಟಲೊಳಗೆ ಊರೇ ಇಳಿಯುತ್ತಿತ್ತು. ಬಸ್ ಕಂಡಕ್ಟರು, ಹೆಡ್‌ಮಾಸ್ತರು, ಸ್ವತಃ ನರ್ಸಮ್ಮ, ಯಾರನ್ನು ಬೇಕಾದರೂ ಮಾಡುತ್ತಿದ್ದ. ತನ್ನದೇ ಬೈಗುಳ ಅಡುಗೆಮನೆಯಿಂದ ಕೇಳಿಸಿದಾಗ ನರ್ಸಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಗಳು ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಡರಂತೂ ಇನ್ನೂ ಉರಿಯುತ್ತಿತ್ತು.

ಅನಾಹುತ ಆದದ್ದು ಒಂದು ರಜೆಯ ದಿನ. ಮಾರುಕಟ್ಟೆ ಇಲಾಖೆಯ ಮೇಲ್ವಿಚಾರಕರು ನಿವೃತ್ತರಾದರೆಂದು ಸಹೋದ್ಯೋಗಿಗಳೆಲ್ಲ ಸೇರಿ ಒಂದು ಹಾಲಿನಲ್ಲಿ ಊಟ ಇಟ್ಟುಕೊಂಡಿದ್ದರು. ಊಟ ಆದ ಮೇಲೆ “ಏ ಮೈಕು, ಒಂದು ಮಾಡಪ್ಪಾ” ಎಂದು ಎಲ್ಲರೂ ಹಿಡಿದುಕೊಂಡರು. ಅವನು ಅಧ್ಯಕ್ಷರನ್ನೇ ಮಾಡಿಬಿಟ್ಟ. ಅಧ್ಯಕ್ಷರಿಗೆ ಎರಡು ಚಟ: ಪ್ರತಿ ಮಾತಿಗೂ ಮೊದಲು “ನಾನು ಹೇಳೋದೇನಂದ್ರೆ” ಎಂದು ಶುರುಮಾಡಿ ಕೊನೆಗೆ ಏನೂ ಹೇಳದೆ ಇರುವುದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಉದ್ಘಾಟಿಸುವುದು. ಮೈಕು ಅವರ ಗಂಟಲಿನಲ್ಲೇ ಕೆಮ್ಮಿ, ಹೊಟ್ಟೆ ಮುಂದೆ ಮಾಡಿ ನಿಂತು, ಮುಖ್ಯರಸ್ತೆಯ ಗುಂಡಿಯೊಂದನ್ನು ಲೋಕಾರ್ಪಣೆ ಮಾಡಿದ. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಯಾರೋ ಒಬ್ಬ ಮೊಬೈಲಿನಲ್ಲಿ ಹಿಡಿದ. ನಗುವಿನಲ್ಲಿ ಮುಳುಗಿಹೋದ ಮಾತನ್ನು ಹಾಲಿನಲ್ಲಿದ್ದವರು ಬಾಯಿಂದ ಬಾಯಿಗೆ ಹರಡಿದರು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರು ಹೋದಲ್ಲೆಲ್ಲ ಜನ ಕೆಮ್ಮಲು ಶುರುಮಾಡಿದ್ದರು.

ನಿಯಮದ ಪ್ರಕಾರ ವಿಚಾರಣೆಗೆ ಒಳಗಾದ ನೌಕರ ತನ್ನ ಪರವಾಗಿ ಮಾತಾಡಲು ಒಬ್ಬ ನೌಕರನನ್ನೋ ನಿವೃತ್ತ ನೌಕರನನ್ನೋ ಕರೆದುಕೊಂಡು ಬರಬಹುದು. ಮೈಕು ಒಬ್ಬೊಬ್ಬರನ್ನೇ ಕೇಳಿದ. ಹಾಲಿನಲ್ಲಿ ಕಣ್ಣೀರು ಬರುವ ಹಾಗೆ ನಕ್ಕವರಿಗೆಲ್ಲ ಇದ್ದಕ್ಕಿದ್ದಂತೆ ಬೆನ್ನುನೋವು, ನೆಂಟರ ಮನೆ, ಕಣ್ಣಿನ ಆಪರೇಷನ್ನು ಬಂತು. ನಗುವಾಗ ಎಲ್ಲ ನೆಂಟರು, ಅಳುವಾಗ ಯಾರೂ ಇಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ.

“ಹೇಡಿಗಳು!” ಎಂದಳು ನರ್ಸಮ್ಮ. “ನಾನೂ ನಿವೃತ್ತ ನೌಕರಳೇ ತಾನೇ? ನಾನೇ ಬರ್ತೀನಿ. ಆದ್ರೆ ಒಂದು ಮಾತು. ಅಲ್ಲಿ ಬಾಯಿ ನಂದು. ನೀನು ಉಸಿರೆತ್ತಬಾರದು.”

“ಆಗ್ಲಿ ಅತ್ತೆ,” ಎಂದ ಅಳಿಯ.

ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ಅವಳು ನೆಟ್ಟಗೆ ಅಧ್ಯಕ್ಷರ ಮನೆಗೇ ಹೋದಳು. ಅಧ್ಯಕ್ಷರು ವರಾಂಡದಲ್ಲಿ ಪೇಪರು ಹಿಡಿದು ಕೂತಿದ್ದರು. ಅವಳನ್ನು ಕಂಡ ಕೂಡಲೇ ಅಷ್ಟು ದೊಡ್ಡ ಮನುಷ್ಯ ಎದ್ದು ನಿಂತರು.

“ಕೂತ್ಕೋಪ್ಪಾ, ಕೂತ್ಕೋ,” ಎಂದು ತಾನೂ ಕೂತಳು. “ನಿನ್ನ ಕುಂಡಿಗೆ ಮೊದಲ ಏಟು ಕೊಟ್ಟೋಳು ನಾನು. ಏಟು ಬಿದ್ದರೂ ಅಳಲಿಲ್ಲ ನೀನು, ನಿಮ್ಮಮ್ಮನಿಗೆ ಜೀವ ಹೋದ ಹಾಗಾಗಿತ್ತು. ಈಗ್ಯಾಕಪ್ಪಾ ಇಷ್ಟಕ್ಕೆಲ್ಲ ಅಳ್ತೀಯ?”

“ನರ್ಸಮ್ಮ, ನಾನು ಹೇಳೋದೇನಂದ್ರೆ...” ಎಂದು ಶುರುಮಾಡಿದವರು ತಟ್ಟನೆ ನಿಲ್ಲಿಸಿದರು. ಇತ್ತೀಚೆಗೆ ಆ ಮಾತು ಬಾಯಿಗೆ ಬಂದಾಗಲೆಲ್ಲ ಅವರಿಗೆ ನಾಲಿಗೆ ಸುಟ್ಟ ಹಾಗಾಗುತ್ತಿತ್ತು. “ನೋಡಿ, ಹೀಗೆ ಆಗೋಗಿದೆ ನನ್ನ ಗತಿ. ಊರು ನಗಲಿ, ತಡ್ಕೋತೀನಿ. ನನ್ನ ಹೆಂಡತಿ ಅಡುಗೆಮನೇಲಿ ನಿಂತು ಆ ವಿಡಿಯೋ ನೋಡಿ ನಕ್ಕಳು ನರ್ಸಮ್ಮ. ನನಗೆ ಕೇಳಿಸಬಾರದು ಅಂತ ಸೆರಗು ಬಾಯಿಗೆ ಇಟ್ಕೊಂಡು ನಕ್ಕಳು.”

ನರ್ಸಮ್ಮನಿಗೆ ಅಯ್ಯೋ ಪಾಪ ಅನ್ನಿಸಿತು. ಅನ್ನಿಸಿದ್ದನ್ನು ತೋರಿಸಿಕೊಳ್ಳದೆ ವ್ಯವಹಾರಕ್ಕೆ ಇಳಿದಳು. ಅಧ್ಯಕ್ಷರಿಗೂ ಒಂದು ಇಕ್ಕಟ್ಟಿತ್ತು. ಪುರಸಭೆಯ ಕಾನೂನು ಅಧಿಕಾರಿ, ಒಬ್ಬ ಚುರುಕಾದ ಹೆಣ್ಣುಮಗಳು, ಅವರಿಗೆ ಆಗಲೇ ಎಚ್ಚರಿಸಿದ್ದಳಂತೆ: ರಜೆಯ ದಿನ ಮಾಡಿದ ಅಣಕಕ್ಕೆ ಕೆಲಸದಿಂದ ತೆಗೆದರೆ ನಾಳೆ ಅವನು ಕೋರ್ಟಿಗೆ ಹೋಗುತ್ತಾನೆ, ಕೋರ್ಟಿನಲ್ಲಿ ಪುರಸಭೆಗೆ ಮುಖಭಂಗವಾಗುತ್ತದೆ, ಅಣಕ ನೋಡದೆ ಉಳಿದವರೂ ಆಗ ಅದನ್ನು ಪೇಪರಿನಲ್ಲಿ ಓದುತ್ತಾರೆ. ಆದರೆ ಎತ್ತಿದ ಕೈಯನ್ನು ಸುಮ್ಮನೆ ಇಳಿಸುವುದು ಹೇಗೆ? ಕೂತು ಮಾತಾಡಿ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಒಂದು ದಾರಿಯನ್ನು ಇಬ್ಬರೂ ಕಂಡುಕೊಂಡರು. ವಿಚಾರಣೆಯಲ್ಲಿ ಮೈಕು ಎಲ್ಲರ ಮುಂದೆ ಆ ಅಣಕವನ್ನು ಇನ್ನೊಂದು ಸಲ ಮಾಡಬೇಕು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಗಬೇಕು. ಮೈಕು ತಪ್ಪಾಯಿತು ಎನ್ನಬೇಕು. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಬೇಕು. ಫೈಲು ಮುಚ್ಚಬೇಕು.

“ನಾಳೆ ನಕ್ಕ ಮೇಲೆ ಹೆಂಡತಿಗೂ ಹೇಳು, ನಾನೇ ನಕ್ಕೆ ಅಂತ,” ಎಂದು ಎದ್ದಳು ನರ್ಸಮ್ಮ. ದಾರಿಯುದ್ದಕ್ಕೂ ತನ್ನ ಬುದ್ಧಿಗೆ ತಾನೇ ಶಹಬ್ಬಾಸ್ ಹೇಳಿಕೊಂಡಳು. ಆ ಸಂಜೆ ಅಳಿಯನಿಗೆ ವಿವರಿಸಿದಾಗ ಅವನು ಸುಮ್ಮನೆ ಕೇಳಿಸಿಕೊಂಡು, “ನೋಡೋಣ ಅತ್ತೆ,” ಎಂದ. ಅವಳು ಅದನ್ನು ಹೂಂ ಎಂದೇ ತಿಳಿದಳು.

ವಿಚಾರಣೆ ನಡೆದದ್ದು ಪುರಸಭೆಯ ಸಭಾಂಗಣದಲ್ಲಿ. ಉದ್ದನೆಯ ಮೇಜು, ಮೇಜಿನ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಎಷ್ಟೋ ಸಭೆಗಳ ಚಹಾದ ಕಲೆ. ತಲೆಯ ಮೇಲೆ ಕೀಚು ಕೀಚು ಎನ್ನುವ ಫ್ಯಾನು. ವಿಚಾರಣೆಗೆಂದು ನೇಮಿಸಿದ ನಿವೃತ್ತ ಜಡ್ಜು ಮಧ್ಯದಲ್ಲಿ ಕೂತಿದ್ದರು. ಅವರಿಗೆ ಮಂಡಿನೋವು, ಮುಖದಲ್ಲಿ ಬೇಗ ಮುಗಿದರೆ ಸಾಕು ಎಂಬ ಭಾವ. ಒಂದು ಬದಿಗೆ ಕಾನೂನು ಅಧಿಕಾರಿ, ಅವಳ ಹಿಂದೆ ದೂರು ಕೊಟ್ಟ ಅಧ್ಯಕ್ಷರು. ಅಧ್ಯಕ್ಷರು ಬೆಳಿಗ್ಗೆಯೇ ಕ್ಷೌರ ಮಾಡಿಸಿಕೊಂಡು, ನಗಲು ತಯಾರಾಗಿಯೇ ಬಂದಿದ್ದರು. ಈ ಬದಿಗೆ ನರ್ಸಮ್ಮ, ಅವಳ ಪಕ್ಕದಲ್ಲಿ ಪುರಸಭೆಯ ಸಮವಸ್ತ್ರ ತೊಟ್ಟ ಮೈಕು. ಬೆಳಗಿನ ಸುತ್ತು ಮುಗಿಸಿ ವ್ಯಾನನ್ನು ಕಂಪೌಂಡಿನಲ್ಲಿ ನಿಲ್ಲಿಸಿ ಅವನು ನೆಟ್ಟಗೆ ಇಲ್ಲಿಗೆ ಬಂದಿದ್ದ.

ಕಾನೂನು ಅಧಿಕಾರಿ ಮೊದಲು ವಿಡಿಯೋ ತೋರಿಸಿದಳು. ಅದರಲ್ಲಿ ಯಾರದೋ ಬೆನ್ನು ಕಾಣುತ್ತಿತ್ತು, ಬೆನ್ನಿನ ಆಚೆ ಮೈಕುವಿನ ಅರ್ಧ ಮುಖ ಕಾಣುತ್ತಿತ್ತು. ಕೇಳಿಸಿದ್ದು ಒಂದು ಕೆಮ್ಮು, ಆಮೇಲೆ ನಗು ಮಾತ್ರ, ಅಲೆಯ ಮೇಲೆ ಅಲೆ ಬಂದ ಹಾಗೆ.

“ಇದರಲ್ಲಿ ಮಾತೆಲ್ಲಿದೆಯಮ್ಮಾ?” ಎಂದರು ಜಡ್ಜು. “ಜನ ನಕ್ಕಿದ್ದು ಕೇಳುತ್ತೆ. ಇವನು ಏನಂದ ಅಂತ ಕೇಳಲ್ಲ. ನಗು ಅಪರಾಧ ಅಂದ್ರೆ ಅಷ್ಟೂ ಜನರ ಮೇಲೆ ನೋಟೀಸು ಕಳಿಸಬೇಕಾಗುತ್ತೆ.”

“ಅದಕ್ಕೇ ಸಾರ್,” ಎಂದಳು ಕಾನೂನು ಅಧಿಕಾರಿ, “ಆವತ್ತು ಮಾಡಿದ್ದನ್ನ ಅವರು ಇಲ್ಲಿ ಮಾಡಿ ತೋರಿಸಿದ್ರೆ ಅದು ಅವಮಾನವೋ ತಮಾಷೆಯೋ ತಾವೇ ತೀರ್ಮಾನಿಸಬಹುದು. ಬಲವಂತ ಇಲ್ಲ. ಅವರ ಪರ ಬಂದಿರೋರು ಒಪ್ಪಿದರೆ ಮಾತ್ರ.”

“ನಮ್ಮದೇನೂ ಅಭ್ಯಂತರ ಇಲ್ಲ,” ಎಂದಳು ನರ್ಸಮ್ಮ, ಮೊದಲೇ ಬಾಯಿಪಾಠ ಮಾಡಿಕೊಂಡ ಗತ್ತಿನಲ್ಲಿ.

“ನನ್ನದಿದೆ,” ಎಂದ ಮೈಕು.

ಅಧ್ಯಕ್ಷರ ಬಾಯಿ ನಗಲೆಂದು ಅರ್ಧ ತೆರೆದದ್ದು ಹಾಗೇ ನಿಂತಿತು. ನರ್ಸಮ್ಮ ಮೇಜಿನ ಕೆಳಗೆ ಅಳಿಯನ ಕಾಲು ತುಳಿದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

“ಏನಪ್ಪಾ ಅಭ್ಯಂತರ?” ಜಡ್ಜು ಕನ್ನಡಕ ತೆಗೆದರು.

“ಈಗ ಡ್ಯೂಟಿ ಟೈಮು ಸಾರ್.”

“ನೀನು ವಿಚಾರಣೆಗೆ ಬಂದಿದ್ದೀಯಲ್ಲ?”

“ಬಂದಿದ್ದೀನಿ ಸಾರ್. ವಿಚಾರಣೆಗೆ ಬಂದ ಹೊತ್ತೂ ಡ್ಯೂಟೀನೇ ಅಂತ ರೂಲ್ಸಲ್ಲಿದೆ. ಮೈಮೇಲೆ ಪುರಸಭೆ ಬಟ್ಟೆ ಇದೆ. ಡ್ಯೂಟೀಲಿ ನಾನು ಅಣಕ ಮಾಡಲ್ಲ. ಇಷ್ಟು ವರ್ಷದಲ್ಲಿ ಒಂದು ದಿನಾನೂ ಮಾಡಿಲ್ಲ.”

ನರ್ಸಮ್ಮ ಎದ್ದು ನಿಂತು, ಅಳಿಯನ ಜೊತೆ ಸ್ವಲ್ಪ ಮಾತಾಡಬೇಕು ಎಂದು ಅಪ್ಪಣೆ ಕೇಳಿದಳು. ಜಡ್ಜಿಗೂ ಚಹಾ ಬೇಕಾಗಿತ್ತು. ಹೊರಗಿನ ಮೊಗಸಾಲೆಗೆ ಬಂದದ್ದೇ ತಡ, ಅವಳ ಬಾಯಿ ಅಣೆಕಟ್ಟಿನ ಬಾಗಿಲಾಯಿತು.

“ನಿನಗೇನು ಗ್ರಹಚಾರ? ಅಧ್ಯಕ್ಷನ ಮನೆಗೆ ಹೋಗಿ, ಅವನನ್ನ ರಮಿಸಿ, ಎಲ್ಲಾ ಮಾಡಿ ಬಾಯಿ ಹತ್ರ ತುತ್ತು ತಂದಿಟ್ರೆ ನೀನು ಕೈ ತಳ್ತೀಯ? ಹತ್ತು ಜನ ಮಾಡಬೇಡ ಅಂದಾಗ ಮಾಡ್ತೀಯ, ಒಂದು ಸಲ ಮಾಡಪ್ಪಾ ಅಂದ್ರೆ ಆಗಲ್ಲ! ನನ್ನ ಗಂಡ ಬೀದೀಲಿ ನಿಂತಿದ್ದನ್ನ ನೋಡಿದ್ದೀನಿ. ನನ್ನ ಮಗಳ ಗಂಡಾನೂ ನಿಲ್ಲೋದನ್ನ ನೋಡೋ ಶಕ್ತಿ ನನಗಿಲ್ಲ ಕಣೋ!” ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಬೈಯುವಾಗ ಅಳು ಬಂದರೆ ಅವಳಿಗೆ ಮಹಾ ಅವಮಾನ.

ಮೈಕು ತಲೆ ತಗ್ಗಿಸಿ ನಿಂತಿದ್ದ. “ಅತ್ತೆ, ಸಂಜೆ ಅಧ್ಯಕ್ಷರ ಮನೆ ಅಂಗಳದಲ್ಲೇ ಮಾಡು ಅನ್ನಿ, ಮಾಡ್ತೀನಿ. ಅವರ ಹೆಂಡತಿ ಮುಂದೇನೇ ಮಾಡ್ತೀನಿ. ಈ ಬಟ್ಟೇಲಿ, ಈ ಕಟ್ಟಡದಲ್ಲಿ ಮಾಡಲ್ಲ. ನೀವು ಬೇಕಾದ್ರೆ ಮನೆಗೆ ಹೋಗಿ. ನನಗೆ ಬೇಜಾರಿಲ್ಲ.”

“ಹೋಗ್ತೀನಾ ನಾನು? ಸಾಯೋವರೆಗೂ ಇಲ್ಲೇ ಕೂತು ಬೈತೀನಿ ನಿನ್ನ,” ಎಂದು ಮೂಗು ಒರೆಸಿಕೊಂಡು ಒಳಗೆ ನಡೆದಳು. ಕೆಲಸ ಹೋಯಿತು ಎಂದೇ ಅವಳು ಲೆಕ್ಕ ಹಾಕಿದ್ದಳು.

ಚಹಾ ಮುಗಿಯಿತು. ಈಗ ಕಾನೂನು ಅಧಿಕಾರಿಗೂ ಬೇರೆ ದಾರಿ ಇರಲಿಲ್ಲ. ರಾಜಿ ಮುರಿದ ಮೇಲೆ ತನ್ನ ಕೆಲಸವನ್ನು ಅವಳು ಮಾಡಲೇಬೇಕಿತ್ತು. ಸೆರಗು ಸರಿಮಾಡಿಕೊಂಡು ಎದ್ದು ನಿಂತು ಪಾಟೀಸವಾಲು ಶುರುಮಾಡಿದಳು.

“ಬೇರೆ ನೌಕರರು ಕೈಯಿಂದ ಕೆಲಸ ಮಾಡ್ತಾರೆ. ನೀವು ಗಂಟಲಿಂದ ಮಾಡ್ತೀರಿ. ಹೌದಾ?”

“ಹೌದು ಮೇಡಂ.”

“ಆ ಗಂಟಲು ಊರಿಗೆಲ್ಲ ಗೊತ್ತು. ನಿಮ್ಮ ದನಿ ಕೇಳಿದ್ರೆ ಜನ ಪುರಸಭೆ ಮಾತಾಡ್ತಿದೆ ಅಂತಾರೆ. ಅಂದ್ಮೇಲೆ ಆ ಗಂಟಲು ಪುರಸಭೆಯದು. ರಜೆಯ ದಿನಾನೂ ಅದು ನಿಮ್ಮ ಸ್ವಂತದ್ದು ಅಂತ ಹೇಗೆ ಹೇಳ್ತೀರಿ?”

“ಕೇಳಿ, ಅದನ್ನ ಕೇಳಿ!” ಎಂದರು ಹಿಂದಿನಿಂದ ಅಧ್ಯಕ್ಷರು. “ಊರಿಗೆ ಗೊತ್ತಿರೋ ದನೀಲಿ ಗುಂಡಿ ಉದ್ಘಾಟನೆ ಅಂದ್ರೆ, ಪುರಸಭೇನೇ ತನ್ನ ಅಧ್ಯಕ್ಷನನ್ನ ಅಣಕಿಸಿದ ಹಾಗಾಗ್ಲಿಲ್ವಾ?”

ಮೈಕು ಎದ್ದು ನಿಂತ. ಅವನು ಸ್ವಂತ ದನಿಯಲ್ಲಿ ಮಾತಾಡಿದ್ದನ್ನು ನರ್ಸಮ್ಮ ಕೇಳಿದ್ದೇ ಕಡಿಮೆ. ಒಂದೋ ವ್ಯಾನಿನ ದನಿ, ಇಲ್ಲವೇ ಇನ್ಯಾರದೋ ದನಿ. ಈಗ ಬಂದದ್ದು ಮೆತ್ತಗಿನ, ಸ್ವಲ್ಪ ಒರಟಾದ ದನಿ.

“ಹಗಲು ಈ ಗಂಟಲು ಪುರಸಭೆಯದೇ ಮೇಡಂ. ಒಪ್ತೀನಿ. ಅದಕ್ಕೇ ಹಗಲು ಅದರಲ್ಲಿ ಒಂದು ನಗೆಮಾತೂ ಬರೋಕೆ ಬಿಡಲ್ಲ. ಮಕ್ಕಳು ವ್ಯಾನ್ ಹಿಂದೆ ಓಡಿ ಬರ್ತಾರೆ, ‘ಮೈಕಣ್ಣಾ, ಕಂಡಕ್ಟರ್ ಮಾಡು, ಮೇಷ್ಟ್ರನ್ನ ಮಾಡು’ ಅಂತಾರೆ. ಕೈ ಮುಗೀತೀನಿ, ಮಾಡಲ್ಲ. ಈಗ ಮೊನ್ನೆ ಟ್ಯಾಂಕಿನ ವಿಷಯ ತಗೊಳ್ಳಿ. ಮೇಲಿನ ಟ್ಯಾಂಕಲ್ಲಿ ಏನೋ ಸತ್ತು ಕೊಳೆತಿದ್ದು ಸಿಕ್ತು. ಯಾರೂ ನೀರು ಕುಡೀಬೇಡಿ ಅಂತ ಹೇಳೋಕೆ ನನ್ನನ್ನ ಓಡಿಸಿದ್ರು. ಆ ವಾರ ಎಲ್ಲರ ಫೋನಲ್ಲೂ ನನ್ನ ಅಣಕಾನೇ ಓಡ್ತಿತ್ತು. ನನಗೆ ಹೆದರಿಕೆ ಆಗಿತ್ತು ಮೇಡಂ, ಸತ್ಯ ಹೇಳ್ತೀನಿ. ಇವನದೇನಪ್ಪಾ ಹೊಸ ತಮಾಷೆ ಅಂತ ಯಾರಾದ್ರೂ ಒಂದು ಲೋಟ ಕುಡಿದುಬಿಟ್ರೆ? ಆದ್ರೆ ಯಾರೂ ಕುಡೀಲಿಲ್ಲ. ನನ್ನ ಮುಂದೇನೇ ಕೊಡಗಳನ್ನ ಬಗ್ಗಿಸಿ ಚರಂಡಿಗೆ ಸುರಿದ್ರು. ಯಾಕೆ? ವ್ಯಾನಿಂದ ನಾನು ತಮಾಷೆ ಮಾಡಲ್ಲ ಅಂತ ಅವರಿಗೆ ಗೊತ್ತು. ಇವತ್ತು ಇಲ್ಲಿ, ಪುರಸಭೆ ಒಳಗೆ, ಈ ಬಟ್ಟೇಲಿ ಅಧ್ಯಕ್ಷರನ್ನ ಮಾಡಿದ್ರೆ, ನೀವೆಲ್ಲ ನಗ್ತೀರಿ, ಸಂಜೆಗೆ ಊರಿಗೆ ಗೊತ್ತಾಗುತ್ತೆ. ಆಮೇಲೆ ನಾನು ನೀರು ಕುಡೀಬೇಡಿ ಅಂದಾಗ ಯಾವನೋ ಒಬ್ಬ ನಗ್ತಾನೆ. ಆ ಒಬ್ಬನಿಗೆ ಯಾರು ಹೊಣೆ? ಕೆಲಸ ಬೇಕಾದ್ರೆ ತಗೊಳ್ಳಿ ಸಾರ್. ಕೆಟ್ಟ ಗಂಟಲು ಇಟ್ಕೊಂಡು ನಾನು ಆ ಕೆಲಸ ಮಾಡೋಕಾಗಲ್ಲ.”

ಫ್ಯಾನು ಕೀಚು ಕೀಚು ಎನ್ನುತ್ತಿತ್ತು. ಜಡ್ಜು ಬರೆಯುವುದನ್ನು ನಿಲ್ಲಿಸಿ, “ಅವರ ಪರವಾಗಿ ಬಂದಿರೋರು ಏನಾದ್ರೂ ಹೇಳೋದಿದೆಯಾ?” ಎಂದು ಕೇಳಿದರು.

ನರ್ಸಮ್ಮ ಎದ್ದಳು. ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದೆಲ್ಲ ಇತ್ತು: ಹುಡುಗ ಬುದ್ಧಿ, ದೊಡ್ಡವರು ಕ್ಷಮಿಸಬೇಕು, ಹೆಣ್ಣುಮಗಳ ಬಾಳು. ಬಾಯಿ ತೆರೆದಳು. ಅದ್ಯಾವುದೂ ಬರಲಿಲ್ಲ.

“ಕ್ಷಮೆ ಕೇಳೋಣ ಅಂತ ಬಂದಿದ್ದೆ ಸ್ವಾಮಿ. ಈಗ ಕೇಳಲ್ಲ,” ಎಂದಳು. “ಇವನಿಗಿಂತ ಮೊದಲು ಆ ವ್ಯಾನಲ್ಲಿ ಇನ್ನೊಬ್ಬನಿದ್ದ. ಒಳ್ಳೇ ಮೋಜುಗಾರ. ಸಿನಿಮಾ ಡೈಲಾಗು ಹೊಡೀತಿದ್ದ, ಸೀರೆ ಅಂಗಡಿ ಜಾಹೀರಾತು ಹೇಳ್ತಿದ್ದ, ಅದರ ಮಧ್ಯೆ ಪುರಸಭೆ ಮಾತು. ಊರಿಗೆಲ್ಲ ಅವನು ಅಂದ್ರೆ ಪ್ರಾಣ. ಒಂದು ವರ್ಷ ನೀರು ಕೆಟ್ಟಿತು. ಅವನು ಹೇಳಿದ, ನೀರು ಕಾಯಿಸಿ ಕುಡೀರಿ ಅಂತ. ಜನ ನಕ್ಕರು. ಇವನು ಯಾವಾಗ್ಲೂ ಹೀಗೇ ಅಂದ್ರು. ಎರಡು ದಿನ ಬಿಟ್ಟು ನನ್ನ ವಾರ್ಡು ತುಂಬಿತು. ಮಂಚ ಸಾಲದೆ ನೆಲದ ಮೇಲೆ ಮಕ್ಕಳನ್ನ ಮಲಗಿಸಿದ್ದೆ. ನಾನೇ ಹೊಕ್ಕುಳಬಳ್ಳಿ ಕತ್ತರಿಸಿದ ಒಂದು ಕೂಸು ನನ್ನ ತೊಡೆ ಮೇಲೇ ಹೋಯ್ತು. ಅದರ ತಾಯಿ ನನ್ನನ್ನ ಕೇಳಿದ್ಲು, ‘ಅವರು ನಿಜವಾಗ್ಲೂ ಹೇಳಿದ್ರಾ ನರ್ಸಮ್ಮ, ನಾನು ತಮಾಷೆ ಅಂದ್ಕೊಂಡೆ’ ಅಂತ.”

ಕಾನೂನು ಅಧಿಕಾರಿ ಕಾಗದಗಳ ಕಡೆ ನೋಡುತ್ತಿದ್ದಳು.

“ಮೊನ್ನೆ ಟ್ಯಾಂಕು ಕೆಟ್ಟಾಗ ಆಸ್ಪತ್ರೆಗೆ ಒಂದು ಮಗೂನೂ ಬರಲಿಲ್ಲ. ನಾನು ವಿಚಾರಿಸಿದ್ದೆ. ಆದ್ರೆ ಯಾಕೆ ಬರಲಿಲ್ಲ ಅಂತ ಯೋಚನೆ ಮಾಡಿರಲಿಲ್ಲ. ಈ ಕುರ್ಚೀಲಿ ಕೂತ ಮೇಲೆ ಹೊಳೀತು. ಸ್ವಾಮಿ, ನಾನು ಇವನನ್ನ ಕೋಡಂಗಿ ಅಂತ ಬೈದಿದ್ದೀನಿ, ಮಂಗ ಅಂದಿದ್ದೀನಿ. ಇನ್ನೂ ಬೈತೀನಿ, ಅದು ನನ್ನ ಹಕ್ಕು. ಆದ್ರೆ ಇವತ್ತು ಹೇಳ್ತೀನಿ, ನನ್ನ ಮಗಳಿಗೆ ಇಂಥ ಗಂಡ ಸಿಕ್ಕಿದ ಅಂತ ನನಗೆ ಹೆಮ್ಮೆ. ಕೆಲಸ ತೆಗೀತೀರಾ? ತೆಗೀರಿ. ನನ್ನ ಪೆನ್ಷನ್ನಲ್ಲಿ ಇಬ್ಬರಿಗೂ ಊಟ ಹಾಕ್ತೀನಿ. ಅಧ್ಯಕ್ಷಪ್ಪಾ, ಆದ್ರೆ ನಾಳೆ ನೀರು ಕೆಟ್ಟಾಗ ವ್ಯಾನಲ್ಲಿ ಕೂರೋಕೆ ನೀನೇ ಹೋಗ್ಬೇಕಾಗುತ್ತೆ. ನೀನು ‘ನಾನು ಹೇಳೋದೇನಂದ್ರೆ’ ಅನ್ನೋ ಹೊತ್ತಿಗೆ ಊರು ಎರಡು ಕೊಡ ಕುಡಿದಿರುತ್ತೆ.”

ಮೊದಲು ನಕ್ಕದ್ದು ಜಡ್ಜು. ಅದನ್ನು ಕೆಮ್ಮು ಎಂದು ತೋರಿಸಲು ಹೋಗಿ, ಈ ಊರಿನಲ್ಲಿ ಕೆಮ್ಮಿಗೆ ಈಗ ಏನರ್ಥ ಎಂದು ನೆನಪಾಗಿ, ಅವರು ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ಮೈಕು ಮಾತ್ರ ನಗಲಿಲ್ಲ. ಅವನು ಅತ್ತೆಯನ್ನೇ ನೋಡುತ್ತಿದ್ದ, ಅವನ ಕಣ್ಣು ತುಂಬಿತ್ತು.

“ಪುರಸಭೆಯ ಕಡೆಯಿಂದ ಏನು ಹೇಳ್ತೀರಮ್ಮಾ?” ಜಡ್ಜು ಸಾವರಿಸಿಕೊಂಡು ಕೇಳಿದರು.

ಕಾನೂನು ಅಧಿಕಾರಿ ಒಮ್ಮೆ ಹಿಂದಕ್ಕೆ, ಅಧ್ಯಕ್ಷರ ಕಡೆ ನೋಡಿದಳು. ಅವಳ ಸಂಬಳವೂ ಇದೇ ಕಟ್ಟಡದಿಂದಲೇ ಬರುತ್ತಿತ್ತು. ಆಮೇಲೆ ಮುಂದಕ್ಕೆ ತಿರುಗಿ ಸ್ಪಷ್ಟವಾಗಿ ಹೇಳಿದಳು: “ನೌಕರ ಕೆಲಸದ ಹೊತ್ತಿನಲ್ಲಿ ನೌಕರ, ಕೆಲಸ ಮುಗಿದ ಮೇಲೆ ಎಲ್ಲರ ಹಾಗೆ ನಾಗರಿಕ. ಹೊರಗೆ ಆಡಿದ ಮಾತಿಗೆ ಶಿಕ್ಷೆ ಕೊಡಬೇಕಾದ್ರೆ, ಆ ಮಾತಿಂದ ಅವನ ಕೆಲಸ ಕೆಟ್ಟಿದೆ ಅಂತ ಪುರಸಭೆ ತೋರಿಸಬೇಕು. ಜನ ಅವನ ಮಾತು ನಂಬದೆ ಹೋದ ಒಂದು ಉದಾಹರಣೆಯೂ ನನ್ನ ಹತ್ರ ಇಲ್ಲ ಸಾರ್. ನಂಬಿದ ಉದಾಹರಣೆ ಈಗ ತಾನೇ ಕೇಳಿದ್ವಿ.”

“ಹಾಗಾದ್ರೆ ಆರೋಪ ರುಜುವಾತಾಗಿಲ್ಲ ಅಂತ ಬರೀತೀನಿ,” ಎಂದರು ಜಡ್ಜು.

“ನಾನು ಆ ವರದಿಗೆ ಸಹಿ ಹಾಕಲ್ಲ!” ಅಧ್ಯಕ್ಷರು ಎದ್ದು ನಿಂತರು.

“ತಾವು ಹಾಕೋ ಹಾಗೂ ಇಲ್ಲ ಸಾರ್,” ಎಂದಳು ಕಾನೂನು ಅಧಿಕಾರಿ ಮೆಲ್ಲಗೆ. “ದೂರು ಕೊಟ್ಟೋರೇ ತೀರ್ಪು ಕೊಡೋಕಾಗಲ್ಲ. ಫೈಲು ಮುಖ್ಯಾಧಿಕಾರಿಗಳಿಗೆ ಹೋಗುತ್ತೆ.”

ಅಲ್ಲೇ ಇದ್ದ ಮುಖ್ಯಾಧಿಕಾರಿಯ ಗುಮಾಸ್ತ ಫೈಲು ಎತ್ತಿಕೊಂಡು ಹೋದ. ಮಧ್ಯಾಹ್ನದೊಳಗೆ ಸಹಿಯಾಗಿ ಬಂತು. ಪುರಸಭೆಯಲ್ಲಿ ಅಷ್ಟು ಬೇಗ ಸಹಿಯಾದ ಫೈಲು ಅದೊಂದೇ ಎಂದು ಗುಮಾಸ್ತನೇ ಆಮೇಲೆ ಹೇಳಿಕೊಂಡು ತಿರುಗಿದ.

ಅಲ್ಲಿಯವರೆಗೂ ನರ್ಸಮ್ಮ ಮೊಗಸಾಲೆಯ ಬೆಂಚಿನ ಮೇಲೆ ಕಾದು ಕೂತಿದ್ದಳು. ಅಧ್ಯಕ್ಷರು ಬಂದು ಅವಳ ಪಕ್ಕದಲ್ಲಿ ಕೂತರು. ಆಮೇಲೆ ಅತ್ತಿತ್ತ ನೋಡಿ ಪಿಸುಗುಟ್ಟಿದರು: “ನರ್ಸಮ್ಮ, ವಿಡಿಯೋದಲ್ಲಿ ನಿಜಕ್ಕೂ ಮಾತೇನೂ ಕೇಳಲ್ಲ. ಅವನು ನನ್ನ ಹಾಗೇ ಮಾಡ್ತಾನಾ?”

“ನಿನಗಿಂತ ಚೆನ್ನಾಗಿ,” ಎಂದಳು ನರ್ಸಮ್ಮ. ಅವರ ಮುಖ ನೋಡಿ ಬೆನ್ನು ತಟ್ಟಿದಳು. “ಬೇಜಾರು ಮಾಡ್ಕೋಬೇಡಪ್ಪಾ. ನನ್ನನ್ನೂ ಮಾಡ್ತಾನೆ. ನಾನು ದೂರು ಕೊಟ್ಟಿದ್ದೀನಾ? ಆ ಗುಂಡಿ ಮುಚ್ಚಿಸು ಮೊದಲು. ಗುಂಡಿ ಇಲ್ಲದೆ ಅವನು ಏನನ್ನ ಉದ್ಘಾಟನೆ ಮಾಡ್ತಾನೆ?”

ಅಳಿಯನಿಗೆ ಮಾತಾಡಲು ಪುರುಸೊತ್ತಿರಲಿಲ್ಲ. ನಾಳೆ ಪೈಪು ದುರಸ್ತಿಯೆಂದು ಆರ್ಡರು ಬಂದಿತ್ತು, ಊರಿಗೆಲ್ಲ ಸಾರಬೇಕಿತ್ತು. ಅವನು ವ್ಯಾನು ಹತ್ತುವ ಮುಂಚೆ ಅತ್ತೆಯ ಹತ್ತಿರ ಬಂದು ಏನೋ ಹೇಳಲು ನೋಡಿದ. ಅವಳು, “ಹೋಗು, ಹೋಗು, ಡ್ಯೂಟಿ ನೋಡ್ಕೋ,” ಎಂದು ಗದರಿ ಕಳಿಸಿದಳು. ಕಳಿಸಿದ ಮೇಲೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮನೆಯ ದಾರಿಯಲ್ಲಿ ಕ್ಷೌರದಂಗಡಿಯ ಮುಂದೆ ಒಳ್ಳೆಯ ನಗು ಕೇಳಿಸಿತು. ಕ್ಷೌರಿಕನೂ, ಕೆನ್ನೆಗೆ ನೊರೆ ಹಚ್ಚಿಸಿಕೊಂಡ ಗಿರಾಕಿಯೂ ಒಂದೇ ಫೋನಿನ ಮೇಲೆ ಬಗ್ಗಿದ್ದರು. ಫೋನಿನಲ್ಲಿ ಗುಂಡಿಯ ಉದ್ಘಾಟನೆ ನಡೆಯುತ್ತಿತ್ತು. ಗಿರಾಕಿ ನಕ್ಕ ರಭಸಕ್ಕೆ ನೊರೆ ಕನ್ನಡಿಗೆ ಹಾರಿತು. ನರ್ಸಮ್ಮ ನಿಂತಳು. ಇದುವರೆಗೆ ಈ ನಗು ಕೇಳಿಸಿದಲ್ಲೆಲ್ಲ ಅವಳು ತಲೆ ತಗ್ಗಿಸಿ ಬೇಗ ಬೇಗ ಹೋಗಿಬಿಡುತ್ತಿದ್ದಳು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ವ್ಯಾನು ಕಾಣಿಸಿಕೊಂಡಿತು. “ನಾಗರಿಕರ ಗಮನಕ್ಕೆ. ಪೈಪು ದುರಸ್ತಿಯ ಕಾರಣ ನಾಳೆ ಇಡೀ ದಿನ ನೀರು ಬರುವುದಿಲ್ಲ. ದಯವಿಟ್ಟು ಇವತ್ತೇ ತುಂಬಿಸಿಕೊಳ್ಳಿ.” ಸ್ಪಷ್ಟ ದನಿ, ಗಂಭೀರ ದನಿ. ಅದರಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಕ್ಷೌರಿಕನ ನಗು ಅಲ್ಲೇ ನಿಂತಿತು. ಓಡುತ್ತಿದ್ದ ವಿಡಿಯೋವನ್ನು ಅರ್ಧಕ್ಕೆ ನಿಲ್ಲಿಸಿ ಅದೇ ಫೋನಿನಿಂದ ಹೆಂಡತಿಗೆ ಕರೆ ಮಾಡಿದ. “ಏ, ನಾಳೆ ನೀರಿಲ್ಲ. ಇರೋಬರೋ ಪಾತ್ರೆಗೆಲ್ಲ ತುಂಬಿಸಿಡು. ಇಲ್ಲ ಇಲ್ಲ, ಗ್ಯಾರಂಟಿ, ವ್ಯಾನಲ್ಲಿ ಹೇಳಿದ್ರು.” ಗಿರಾಕಿ ಅರ್ಧ ಕೆನ್ನೆಯ ನೊರೆಯ ಸಮೇತ ಎದ್ದು, ಎದುರಿನ ತನ್ನ ಮನೆಯ ಕಡೆಗೆ ಕೂಗು ಹಾಕಿದ. ಬೀದಿಯುದ್ದಕ್ಕೂ ನಲ್ಲಿಗಳು ತೆರೆದುಕೊಂಡ ಸದ್ದು, ಕೊಡಗಳ ಸದ್ದು.

ಸುಮ್ಮನೆ ಮುಂದೆ ಹೋಗಲು ನರ್ಸಮ್ಮನಿಂದ ಆಗಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತಿ ನಿಂತಳು.

“ಅವನು ನನ್ನ ಅಳಿಯ,” ಎಂದಳು, ಇಡೀ ಬೀದಿಗೆ ಕೇಳುವ ಹಾಗೆ.

“ಯಾರು ನರ್ಸಮ್ಮ?” ಕ್ಷೌರಿಕ ತುಂಟತನದಿಂದ ಕೇಳಿದ. “ಫೋನಲ್ಲಿರೋನಾ, ವ್ಯಾನಲ್ಲಿರೋನಾ?”

“ಇಬ್ಬರೂ,” ಎಂದು ಹೇಳಿ ನರ್ಸಮ್ಮ ನೀರು ತುಂಬಿಸಲು ಮನೆಯ ಕಡೆ ಬೇಗ ಬೇಗ ನಡೆದಳು.